ಪುಸ್ತಕಕ್ಕೆ ಟವೆಲ್ ಹಾಕಿದ ಕಥೆ

ಕಳೆದ ಶನಿವಾರ ಯುಗಾದಿ ಕಾರ್ಯಕ್ರಮಕ್ಕೆ ಹೋಗಿದ್ದೆವು. ಅಟ್ಲಾಂಟಾ ಪಕ್ಕದ ಅಲ್ಫರೆಟಾದಲ್ಲಿ ಬಾಡಿಗೆಗೆ ಹಿಡಿದ ಹೈಸ್ಕೂಲಿನ ಸಭಾಂಗಣ. ಆಮಂತ್ರಣದಲ್ಲಿ ನಾಲ್ಕು ಗಂಟೆಗೆ ಸರಿಯಾಗಿ ಎಂದು ಅಚ್ಚು ಹಾಕಿಸಿದ್ದರು. ನಾವು ಮುಕ್ಕಾಲು ಗಂಟೆ ತಡವಾಗಿ ಹೋಗಿಯೂ ಬೇಗ ಬಂದವರ ಗುಂಪಿಗೆ ಸೇರಿದೆವು. ಒಳಗೆ ಕಾಲಿಟ್ಟರೆ ಮುಂದಿನ ಸಾಲಿನ ಖಾಲಿ ಕುರ್ಚಿಗಳ ಮೇಲೆ ಹಳದಿ ದುಪಟ್ಟಾವೊಂದು ಉದ್ದಕ್ಕೆ ಮಲಗಿತ್ತು. ಅದು ಮುಟ್ಟದ ಕುರ್ಚಿಗಳ ಮೇಲೆ ಒಂದು ನೀರಿನ ಬಾಟಲಿ, ಒಂದು ಕಾರಿನ ಕೀ, ಯಾರದೋ ಮಗುವಿನ ಎಡಗಾಲಿನ ಬೂಟು. ಇದು ಯಾರ ಕೆಲಸ ಎಂದು ಕೇಳುವ ಅಗತ್ಯವೇ ಇರಲಿಲ್ಲ. ನಮ್ಮ ಮನೆಯಿಂದ ಎರಡು ಮನೆ ಆಚೆಗಿರುವ ವಿನುತಾ ಹಿಂದಿನಿಂದ ಕೂಗಿದಳು. "ಬಾರೇ, ನಿಮಗೂ ಹಿಡಿದಿದೀನಿ!"

ನೀವು ನಮ್ಮ ಕಡೆಯ ಬಸ್ ಸ್ಟ್ಯಾಂಡು ನೋಡಿದವರಾದರೆ ವಿವರಿಸಬೇಕಾಗಿಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದರೆ ಆ ಸೀಟು ನಿಮ್ಮದು. ಯಾವ ಕಾನೂನಿನಲ್ಲೂ ಹೀಗೆಂದು ಬರೆದಿಲ್ಲ, ಆದರೂ ಟವೆಲ್ ಎತ್ತಿ ಕೂರುವ ಎದೆಗಾರಿಕೆ ಯಾರಿಗೂ ಇಲ್ಲ. ಸಮುದ್ರ ದಾಟುವಾಗ ನಾವು ಏನೇನೋ ಬಿಟ್ಟು ಬಂದೆವು, ಈ ವಿದ್ಯೆಯೊಂದನ್ನು ಬಿಡಲಿಲ್ಲ. ವಿನುತಾ ಅದನ್ನು ಒಮ್ಮೆ ಒಂದು ಪುಸ್ತಕದ ಮೇಲೂ ಪ್ರಯೋಗಿಸಿದ್ದಳು. ಆ ಕಥೆ ಹೇಳುತ್ತೇನೆ, ಹೇಗೂ ಕಾರ್ಯಕ್ರಮ ಶುರುವಾಗಲು ಇನ್ನೂ ಹೊತ್ತಿದೆ.

ಕೋವಿಡ್ ಕಳೆದು ಲೈಬ್ರರಿಗಳು ಮತ್ತೆ ಬಾಗಿಲು ತೆರೆದ ಕಾಲ. ನಮ್ಮ ಲೈಬ್ರರಿಯ ಮಕ್ಕಳ ವಿಭಾಗದಲ್ಲಿದ್ದ ಒಂದು ಪುಸ್ತಕದ ಬಗ್ಗೆ ಗಲಾಟೆ ಎದ್ದಿತು. ಬೆಳೆಯುವ ಹುಡುಗಿಯರಿಗೆ ಅವರ ಮೈಯಲ್ಲಿ ಏನೇನು ಬದಲಾಗುತ್ತದೆ ಎಂದು ಚಿತ್ರ ಬರೆದು ತಿಳಿಸುವ ಪುಸ್ತಕ. ಅದನ್ನು ದೊಡ್ಡವರ ವಿಭಾಗಕ್ಕೆ ಸಾಗಿಸಬೇಕು, ಮಕ್ಕಳ ಕಾರ್ಡಿಗೆ ಕೊಡಬಾರದು ಎಂದು ಕೆಲವರು. ಹಾಗೆ ಮಾಡಕೂಡದು ಎಂದು ಇನ್ನು ಕೆಲವರು. ಲೈಬ್ರರಿ ಬೋರ್ಡಿನ ಸಭೆಯಲ್ಲಿ ಮೈಕಿನ ಮುಂದೆ ಸಾಲುಗಟ್ಟಿ ನಿಂತು ಜನ ಕಿರುಚಾಡಿದರು. ಪುಸ್ತಕ ತೆರೆದು ನೋಡಿದವರು ಎರಡೂ ಪಕ್ಷದಲ್ಲಿ ಕಡಿಮೆಯೇ ಇದ್ದಂತಿತ್ತು.

ನಮ್ಮವರು ಇಂಥ ಜಗಳಗಳನ್ನು ಪಕ್ಕದ ಮನೆಯ ಜಗಳದಂತೆ ಕೇಳಿಸಿಕೊಳ್ಳುತ್ತಾರೆ: ಕಿಟಕಿ ಮುಚ್ಚಿ, ಕಿವಿ ತೆರೆದು. ನಮ್ಮಲ್ಲಿ ಅರ್ಧ ಜನರ ಗ್ರೀನ್ ಕಾರ್ಡು ಇನ್ನೂ ದಾರಿಯಲ್ಲಿತ್ತು, ಅದು ಬರುವ ತನಕ ಮೈಕಿನ ಹತ್ತಿರ ಸುಳಿಯಬಾರದೆಂಬುದು ಗಂಡಂದಿರ ಕಟ್ಟಪ್ಪಣೆ. ಆದರೆ ವಿನುತಾಗೆ ಸುಮ್ಮನಿರಲಾಗಲಿಲ್ಲ. ಅವಳು ಕೆಟ್ಟವಳಲ್ಲ, ನಮ್ಮನೆಯವರೆಲ್ಲ ಕೋವಿಡ್ ಬಂದು ಮಲಗಿದ್ದಾಗ ದಿನಾ ಬಾಗಿಲಲ್ಲಿ ಬಿಸಿ ಸಾರು ಇಟ್ಟು ಹೋದವಳು. ಆದರೆ ಅವಳ ದೊಡ್ಡ ಮಗಳು ಮೇಘನಾಗೆ ಹನ್ನೊಂದು ವರ್ಷ, ಹಾಗಾಗಿ ವಿನುತಾಗೆ ಹೆದರಿಕೆ. ನಮ್ಮ ಬಡಾವಣೆಯ ಕನ್ನಡ ಹೆಂಗಸರ ವಾಟ್ಸಾಪ್ ಗುಂಪಿಗೆ ಒಂದು ಪುಟದ ಫೋಟೋ ಹಾಕಿ, "ನೋಡ್ರೀ, ಮಕ್ಕಳ ಮನಸ್ಸು ಕೆಡಲ್ವಾ?" ಎಂದು ಕೇಳಿದಳು.

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ನಾವು ಬೆಳೀಲಿಲ್ವಾ?" ಎಂದರು ಒಬ್ಬರು.

"ಬೆಳೆದ್ವಿ, ಹೆದರ್ಕೊಂಡು ಬೆಳೆದ್ವಿ" ಎಂದು ನಾನು ಬರೆದೆ. ಆಮೇಲೆ ಯಾರೋ ಗಣಪತಿಯ ಚಿತ್ರವಿರುವ ಶುಭೋದಯ ಹಾಕಿದರು, ಸಂಜೆ ಹೊತ್ತಿನಲ್ಲಿ.

ವಿನುತಾಳ ಉಪಾಯ ಮಾರನೆಯ ದಿನ ಬಂತು. "ಮೈಕ್ ಬೇಡ, ಜಗಳ ಬೇಡ. ಬಸ್ಸಿಗೆ ಟವೆಲ್ ಹಾಕಿದ ಹಾಗೆ ಕಣ್ರೀ. ಎಲ್ಲರೂ ಲೈಬ್ರರೀಲಿ ಆ ಪುಸ್ತಕಕ್ಕೆ ಹೋಲ್ಡ್ ಹಾಕಿ, ಸರದೀಲಿ ಹೆಸರು ಬರೆಸಿಬಿಡಿ. ಒಬ್ಬೊಬ್ರು ಮೂರು ಮೂರು ವಾರ ಇಟ್ಕೊಳ್ಳೋಣ. ಮಕ್ಕಳ ಕೈಗೆ ಸಿಗೋದೇ ಇಲ್ಲ." ಕಾನೂನುಬದ್ಧ, ಖರ್ಚಿಲ್ಲ, ವೀಸಾಗೆ ಧಕ್ಕೆಯಿಲ್ಲ. ಗುಂಪಿನಲ್ಲಿ ಹೆಬ್ಬೆಟ್ಟುಗಳ ಮಳೆ ಸುರಿಯಿತು.

ಅವರಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಆ ಪುಸ್ತಕಕ್ಕಾಗಿ ನಾನೇ ಆಸೆಪಟ್ಟು ಕೂತಿದ್ದೆ. ನನ್ನ ಮಗಳು ತನ್ವಿಗೂ ಹನ್ನೊಂದು. ಶಾಲೆಯಲ್ಲಿ ಯಾರಿಗೋ ಮುಟ್ಟಾದ ಸುದ್ದಿ ಕೇಳಿ ಬಂದು, "ಅಮ್ಮಾ, ನಂಗೂ ಆಗತ್ತಾ? ವೈ? ತುಂಬಾ ಬ್ಲಡ್ ಬರತ್ತಾ?" ಎಂದು ಕೇಳಿದ್ದಳು. ಆಫೀಸಿನಲ್ಲಿ ಕೋಣೆ ತುಂಬ ಜನರೆದುರು ಗಂಟೆಗಟ್ಟಲೆ ಮಾತಾಡುವ ನಾನು, "ಆಮೇಲೆ ಹೇಳ್ತೀನಿ, ಹಾಲು ಉಕ್ಕತ್ತೆ" ಎಂದು ಎದ್ದುಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ಏನು ಮಾಡಲಿ, ನನಗೆ ಸಿಕ್ಕಿದ್ದ ಪಾಠವೆಂದರೆ "ಕಾಗೆ ಮುಟ್ಟಿದೆ" ಎಂಬುದಷ್ಟೇ. ಅಷ್ಟು ಹೇಳಿ ಅಮ್ಮ ಮೂಲೆಯಲ್ಲಿ ಚಾಪೆ ಹಾಸಿ ಹೋಗಿದ್ದಳು. ಇದರಲ್ಲಿ ಕಾಗೆಯ ಪಾತ್ರವೇನೆಂದು ಇವತ್ತಿನವರೆಗೂ ಯಾರೂ ಹೇಳಿಲ್ಲ. ಮಗಳ ದಿನ ಹತ್ತಿರ ಬರುತ್ತಿರುವುದು ಕಾಣುತ್ತಿತ್ತು. ಅಷ್ಟರೊಳಗೆ ಪುಸ್ತಕವಾದರೂ ಅವಳಿಗೆ ಹೇಳಲಿ ಎಂದು ಹೋಲ್ಡ್ ಹಾಕಲು ಹೋದರೆ, ನನ್ನ ಮುಂದೆ ನಮ್ಮ ಗುಂಪಿನ ಅಷ್ಟೂ ಟವೆಲುಗಳು ಬಿದ್ದಿದ್ದವು.

ನನ್ನ ಸರದಿ ಬರುವ ಮೊದಲೇ ಮಗಳ ಆ ದಿನ ಬಂದುಬಿಟ್ಟಿತು. ನಾನು ಅಟ್ಲಾಂಟಾ ಆಫೀಸಿನಿಂದ ಹೊರಟು ನಾನೂರನೇ ನಂಬರಿನ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆ. ತನ್ವಿ ಶಾಲೆ ಮುಗಿಸಿ ವಿನುತಾಳ ಮನೆಯಲ್ಲಿದ್ದಳು. ವಿನುತಾ ಫೋನ್ ಮಾಡಿ, "ಗಾಬರಿ ಆಗ್ಬೇಡ, ನಿಧಾನ ಡ್ರೈವ್ ಮಾಡು. ತನ್ವಿ ದೊಡ್ಡವಳಾದ್ಳು" ಎಂದಳು. "ಅಳ್ತಾ ಇದ್ಳು, ಈಗ ಸುಮ್ಮನಾಗಿದಾಳೆ. ನಾನಿದೀನಲ್ಲ."

ಮುಂದಿನ ಕಾರುಗಳ ಕೆಂಪು ದೀಪ ನೋಡುತ್ತಾ ನಾನೂ ಅತ್ತೆ. ಆ ಹೊತ್ತಿನಲ್ಲಿ ಜೊತೆಗಿರಬೇಕಾದವಳು ನಾನು.

ಅವಳ ಮನೆ ತಲುಪಿದಾಗ ಸೋಫಾದ ಮೇಲೆ ನಡುವೆ ವಿನುತಾ, ಆ ಕಡೆ ಮೇಘನಾ, ಈ ಕಡೆ ತನ್ವಿ. ತೊಡೆಯ ಮೇಲೆ ಅದೇ ಪುಸ್ತಕ. ಮೊದಲ ಟವೆಲ್ ಹಾಕಿದವಳು ಅವಳಲ್ಲವೇ, ಮೊದಲ ಸರದಿಯೂ ಅವಳದ್ದೇ. ಚಿತ್ರದ ಮೇಲೆ ಬೆರಳಿಟ್ಟು ಹೇಳುತ್ತಿದ್ದಳು, "ಇದು ಕಾಯಿಲೆ ಅಲ್ಲ ಪುಟ್ಟಿ. ಮುಂದೆ ಒಂದು ಪಾಪು ಬಂದ್ರೆ ಮಲಗೋಕೆ ಅಂತ ಹೊಟ್ಟೆಯೊಳಗೆ ತಿಂಗಳಿಗೊಂದ್ಸಲ ಹಾಸಿಗೆ ಹಾಸತ್ತೆ. ಯಾರೂ ಬರ್ಲಿಲ್ವಾ, ಸುತ್ತಿ ಹೊರಗೆ ಹಾಕತ್ತೆ. ಅಷ್ಟೇ." ಹುಡುಗಿಯರು ತಲೆಯಾಡಿಸುತ್ತಿದ್ದರು. ನನಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು, ಹೊಟ್ಟೆಕಿಚ್ಚೂ ಆಯಿತು.

ಹೊರಡುವಾಗ ಬಾಗಿಲಲ್ಲಿ ತಡೆದು, "ನಂಗೆಲ್ಲಿ ಹೇಳೋಕೆ ಬರತ್ತೆ? ಪುಸ್ತಕ ಇತ್ತು, ಸರಿಹೋಯ್ತು" ಎಂದಳು. ಒಂದು ಕ್ಷಣ ಬಿಟ್ಟು, "ಗುಂಪಲ್ಲಿ ಹೇಳ್ಬೇಡ ಮತ್ತೆ." ಅಂದು ಸಂಜೆಯೇ ಗುಂಪಿನಲ್ಲಿ ಪುಸ್ತಕದ ವಿರುದ್ಧ ಇನ್ನೊಂದು ಉದ್ದನೆಯ ಸಂದೇಶ ಹಾಕಿದಳು. ನಾನು ಅದಕ್ಕೆ ಕೈಮುಗಿಯುವ ಚಿತ್ರ ಕಳಿಸಿದೆ.

ಟವೆಲ್ ಚಳವಳಿಗೆ ಸೋಲಾಗಲಿಲ್ಲ, ಅದಕ್ಕಿಂತ ದೊಡ್ಡದೇನೋ ಆಯಿತು. ಇಷ್ಟೊಂದು ಜನ ಸರದಿಯಲ್ಲಿರುವುದನ್ನು ಕಂಡು ಲೈಬ್ರರಿಯವರು ಇನ್ನಷ್ಟು ಪ್ರತಿಗಳನ್ನು ತರಿಸಿದರು. ಮಕ್ಕಳ ವಿಭಾಗದ ಬಾಗಿಲಲ್ಲೇ ಮೇಜು ಹಾಕಿ, ಓದುಗರ ಅಚ್ಚುಮೆಚ್ಚು ಎಂಬ ಫಲಕದಡಿ ಜೋಡಿಸಿಟ್ಟರು. ಬೋರ್ಡಿನ ಮುಂದಿನ ಸಭೆಯಲ್ಲಿ, ಊರಿನ ಜನ ಇಷ್ಟು ಆಸೆಪಟ್ಟು ಓದುವ ಪುಸ್ತಕವನ್ನು ಮಕ್ಕಳಿಂದ ದೂರ ಇಡುವುದು ಸರಿಯಲ್ಲವೆಂದು ತೀರ್ಮಾನವಾಯಿತು. ನಮ್ಮ ಗುಂಪು ಕೆಲವು ದಿನ ಬರೀ ಅಡುಗೆಯ ವಿಷಯ ಮಾತಾಡಿತು.

ಸಭಾಂಗಣಕ್ಕೆ ಮರಳೋಣ. ವೇದಿಕೆಯ ಮೇಲೆ ಹಲೋ ಹಲೋ ಎಂದು ಮೈಕ್ ಪರೀಕ್ಷೆ ನಡೆದಿತ್ತು. ಪಕ್ಕದಲ್ಲಿ ಕೂತ ವಿನುತಾ ನನ್ನ ಕಿವಿಗೆ ಬಗ್ಗಿದಳು. "ನಮ್ಮ ಚಿಕ್ಕವಳು ಸಿರಿಗೂ ಹತ್ತು ತುಂಬ್ತು ಕಣೇ. ಏನೇನೋ ಕೇಳ್ತಾಳೆ. ಆ ಪುಸ್ತಕ ತಂದ್ಕೊಡ್ತೀಯಾ? ನಾನು ಹೋದ್ರೆ ಯಾರಾದ್ರೂ ನೋಡ್ತಾರೆ."

ನಾನು ಹೂಂ ಎನ್ನುವಷ್ಟರಲ್ಲಿ, ನನ್ನ ಇನ್ನೊಂದು ಪಕ್ಕದಲ್ಲಿ ಕೂತು ಫೋನಿನಲ್ಲಿ ಮುಳುಗಿದ್ದಾಳೆಂದು ನಾವು ತಿಳಿದಿದ್ದ ತನ್ವಿ ತಲೆಯೆತ್ತಿದಳು. "ಬುಕ್ ಯಾಕೆ ಆಂಟಿ? ನೀವೇ ಹೇಳಿ. ನಂಗೆ ಹೇಳಿದ್ರಲ್ಲ."

"ನಾನೆಲ್ಲಿ ಹೇಳ್ದೆ ಪುಟ್ಟಿ? ಪುಸ್ತಕದಲ್ಲಿ ಇದ್ದಿದ್ದು ಓದಿದೆ."

"ಇಲ್ಲ ಆಂಟಿ. ಆಮೇಲೆ ನಾನೇ ಹೋಗಿ ಫುಲ್ ಬುಕ್ ಓದಿದೆ. ಹಾಸಿಗೆ, ಪಾಪು ಅದ್ರಲ್ಲಿ ಇಲ್ವೇ ಇಲ್ಲ, ದಟ್ ವಾಸ್ ಆಲ್ ಯೂ. ಬುಕ್ ಇಂಗ್ಲಿಷ್‌ನಲ್ಲಿ ಇತ್ತು. ನೀವು ಕನ್ನಡದಲ್ಲಿ ಹೇಳಿದ್ರಿ."

ವಿನುತಾ ತೊಡೆಯ ಮೇಲಿದ್ದ ಹಳದಿ ದುಪಟ್ಟಾ ಮಡಿಸತೊಡಗಿದಳು. ಅದೇ ಕನ್ನಡ ನನಗೂ ಬರುತ್ತಿತ್ತು.

"ಸಿರಿಗೆ ಹೇಳೋವಾಗ ನನ್ನನ್ನೂ ಕರಿ" ಎಂದೆ. "ನಾನೂ ಬಂದು ಕೂತ್ಕೋತೀನಿ."