ಬೋರ್ಡು ಒರೆಸಿದ ಮೇಲೆ

ಎರಡನೇ ಮಹಾಯುದ್ಧದ ಕಾಲ. ಉಪ್ಪುಂದದ ಕಡಲ ಬದಿಯ ಶಾಲೆಯೊಂದರಲ್ಲಿ ನಾನು ಐದನೇ ತರಗತಿಯ ಮಾಸ್ತರ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಪುಸ್ತಕದಲ್ಲಿ ಹವೆಯ ಪಾಠ ಬಂದಾಗ ಬರೀ ಓದಿಸುವುದು ಬೇಡವೆನಿಸಿ, ಉದ್ದನೆಯ ಗಾಜಿನ ಕೊಳವೆಗೆ ಪಾದರಸ ತುಂಬಿ ವಾಯುಭಾರ ಅಳೆಯುವ ಸಾಧನ ಮಾಡಿದೆ. ರಸ ನಿಧಾನವಾಗಿ ಇಳಿದರೆ ಮಳೆ, ಒಮ್ಮೆಲೇ ಕುಸಿದರೆ ಬಿರುಗಾಳಿ ಎಂದು ಕಲಿಸಿದೆ. ಮಕ್ಕಳು ದಿನವೂ ಗಾಳಿಯ ದಿಕ್ಕು, ಮೋಡ, ರಸದ ಮಟ್ಟ ನೋಡಿ ಜಗಲಿಯ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಎಲ್ಲರಿಗಿಂತ ಚುರುಕು ಮೀನುಗಾರರ ಮನೆಯ ಒಬ್ಬ ಹುಡುಗಿ. ರಸ ಒಂದು ಕೂದಲೆಳೆ ಇಳಿದರೂ ಅವಳಿಗೆ ಗೊತ್ತಾಗುತ್ತಿತ್ತು.

ಅವಳ ಅಪ್ಪನಿಗೆ ಓದು ಬರದು. ಸಂಜೆ ಬಲೆ ಹೊತ್ತು ಹೋಗುವಾಗ ಬೋರ್ಡಿನ ಮುಂದೆ ನಿಂತು ಕೂಗುತ್ತಿದ್ದ: "ಹ್ವಾಯ್ ಮಾಷ್ಟ್ರೆ, ಇವತ್ತ್ ಹೋಪುಕ್ ಅಕ್ಕಾ?" ಕಡಲಿಗೆ ಹೋಗಬಹುದೋ ಬೇಡವೋ ಎಂದು ನಾನು ಹೇಳುವ ಮೊದಲೇ ಮಗಳು ಓದಿ ಹೇಳುತ್ತಿದ್ದಳು. ಬರಬರುತ್ತಾ ಉಳಿದ ದೋಣಿಯವರೂ ನಿಲ್ಲತೊಡಗಿದರು.

ಒಂದು ದಿನ ತಪಾಸಣೆಗೆ ಇನ್‌ಸ್ಪೆಕ್ಟರು ಬಂದರು. ಬೋರ್ಡು ನೋಡಿ ಮುಖ ಕೆಂಪಾಯಿತು.

"ಏನ್ರೀ ಇದು? ಹವೆಯ ಸುದ್ದಿ ಪೇಪರಿನವರೇ ಹಾಕುವ ಹಾಗಿಲ್ಲ. ನೀವು ಶತ್ರುಗಳಿಗೆ ಬೀದಿಯಲ್ಲಿ ಬರೆದಿಡುತ್ತೀರಾ? ಇನ್ನೊಮ್ಮೆ ಕಂಡರೆ ಮನೆಗೆ ಹೋಗಬೇಕಾಗುತ್ತದೆ."

ಉಪ್ಪುಂದದ ಗಾಳಿಯಿಂದ ಯಾವ ಶತ್ರುವಿಗೆ ಏನು ಲಾಭವೆಂದು ನಾನು ಕೇಳಲಿಲ್ಲ. ಮಕ್ಕಳೆದುರೇ ಬೋರ್ಡು ಒರೆಸಿದೆ. ಕೊಳವೆಯನ್ನು ಬೀರುವಿನಲ್ಲಿ ನಿಲ್ಲಿಸಿ ಬೀಗ ಹಾಕಿದೆ.

ನವರಾತ್ರಿ ಕಳೆದಿತ್ತು. ಮಳೆಗಾಲ ಮುಗಿದು ಆಕಾಶ ತಿಳಿಯಾಗಿತ್ತು. ಒಂದು ಮಧ್ಯಾಹ್ನ ಹಾಜರಿ ಪುಸ್ತಕ ಇಡಲು ಬೀರು ತೆರೆದೆ. ರಸ ನಾನೆಂದೂ ಕಾಣದಷ್ಟು ಕೆಳಗಿತ್ತು. ಬಾಗಿಲು ಹಾಕಿದೆ.

ಶಾಲೆ ಬಿಟ್ಟ ಮೇಲೆ ಆ ಹುಡುಗಿ ಒಬ್ಬಳೇ ಹಿಂದೆ ಉಳಿದಳು.

"ಮಾಷ್ಟ್ರೆ, ರಸ ಇಳ್ದಿತ್ತಾ? ಕೇಂಡ್ಕಂಡ್ ಬಾ ಅಂದೇಳಿ ಅಪ್ಪಯ್ಯ ಹೇಳಿರ್."

ಕೋಣೆಯಲ್ಲಿ ನಾವಿಬ್ಬರೇ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು, "ನಾನೀಗ ಅದನ್ನ ನೋಡೂದಿಲ್ಲ ಮಗು. ನೀ ಮನೆಗ್ ಹೋಗ್."

ಅವಳು ಬೀರುವಿನ ಕಡೆ ಒಮ್ಮೆ ನೋಡಿ ಹೋದಳು.

ಅಂದು ಐದು ದೋಣಿಗಳು ಹೊರಟವು. ಕತ್ತಲಾಗುತ್ತಲೇ ಗಾಳಿ ಎದ್ದಿತು. ಬೆಳಿಗ್ಗೆ ನಾಲ್ಕು ದೋಣಿಗಳು ಮರಳಿ ಬಂದವು. ಅವಳ ಅಪ್ಪನದು ಬರಲಿಲ್ಲ.

ಹನ್ನೊಂದು ದಿನ ಬಿಟ್ಟು ನಾನು ಅವರ ಮನೆಗೆ ಹೋದೆ. ಮಗುವನ್ನು ಶಾಲೆ ಬಿಡಿಸಬೇಡಿ ಎಂದೆ. ಅವಳ ಅಮ್ಮ ಕೇಳಿದಳು:

"ಬೋರ್ಡಲ್ಲ್ ಬರೆಯುದ್ ಬ್ಯಾಡ ಅಂದಿರೆ ಬಿಡಿ. ಬಾಯಲ್ಲ್ ಹೇಳುಕ್ ಎಂತ ಆಯ್ತ್ ಮಾಷ್ಟ್ರೆ ನಿಮ್ಗೆ?"

"ನಾನು ನೋಡಿರಲಿಲ್ಲ," ಎಂದೆ. ಅದು ಎರಡನೆಯ ಸುಳ್ಳು. ಬಾಗಿಲ ಬಳಿ ನಿಂತಿದ್ದ ಹುಡುಗಿ ಒಳಗೆ ಹೋದಳು. ಮತ್ತೆ ಶಾಲೆಗೆ ಬರಲಿಲ್ಲ. ಅಮ್ಮನ ಹಿಂದೆ ಮೀನಿನ ಬುಟ್ಟಿ ಹೊತ್ತು ನಡೆಯುವುದನ್ನು ಎಷ್ಟೋ ಸಲ ಕಂಡೆ. ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದಳು.

ಮರುವರ್ಷ ಇನ್‌ಸ್ಪೆಕ್ಟರು ನನ್ನ ಬಗ್ಗೆ ಒಳ್ಳೆಯ ವರದಿ ಬರೆದರು. ನನ್ನನ್ನು ಕಾಯಂ ಮಾಡಿದ ಕಾಗದ ಬಂದ ದಿನ ಹೆಂಡತಿ ಪಾಯಸ ಮಾಡಿದಳು. ನಾನು ಎರಡು ಸಲ ಬಡಿಸಿಕೊಂಡು ಉಂಡೆ.