ಆಪು ಮಲಗಿದ ಕೋಡಿ

ಉತ್ತರ ಕನ್ನಡದಲ್ಲಿ ನದಿಯೊಂದು ಕಡಲು ಸೇರುವ ಅಳಿವೆಯ ಪಕ್ಕ ಒಂದು ಊರಿದೆ. ಆ ಊರಿಗೆ ಸಮುದ್ರದ ನೀರು ಎಲ್ಲಿಯವರೆಗೆ ನುಗ್ಗುತ್ತದೆ ಎಂದು ಲೆಕ್ಕ ಹಾಕುವುದು ಎರಡು ವರ್ಷ ನನ್ನ ಕೆಲಸವಾಗಿತ್ತು. ಮಂಡ್ಯದ ನಮ್ಮ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಅದನ್ನು ಮಾಡುತ್ತಿದ್ದೆ. ಪಕ್ಕದ ಮನೆಯವರು ಏನು ಕೆಲಸ ಎಂದು ಕೇಳಿದಾಗ ನೆರೆಯ ಲೆಕ್ಕ ಎಂದಿದ್ದೆ. ಅವರು ಕಂದಾಯ ಇಲಾಖೆ ಅಂದುಕೊಂಡು ಪಹಣಿ ತಿದ್ದುಪಡಿಯ ವಿಷಯ ತೆಗೆದಿದ್ದರು.

ಕೆಲಸ ಹೀಗೆ. ಊರು, ಗದ್ದೆ, ನದಿ, ಜೌಗು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಬೇಕು. ಪ್ರತಿ ಚೌಕಕ್ಕೂ ನೆಲದ ಎತ್ತರ ಕೊಡಬೇಕು, ಅದರ ಜೊತೆ ಒರಟುತನ ಎಂಬ ಒಂದು ಅಂಕಿ. ಸಿಮೆಂಟು ರಸ್ತೆಯ ಮೇಲೆ ನೀರು ಜಾರಿಕೊಂಡು ಹೋಗುತ್ತದೆ, ಅದರ ಒರಟುತನ ಕಡಿಮೆ. ಜೊಂಡು ಬೆಳೆದ ಜೌಗಿನಲ್ಲಿ ತಡವರಿಸುತ್ತದೆ, ಅದರದು ಹೆಚ್ಚು. ಇಷ್ಟು ಕೊಟ್ಟು ಉಬ್ಬರದ ನೀರನ್ನು ಒಳಗೆ ಬಿಟ್ಟರೆ ಪರದೆಯ ಮೇಲೆ ನೀಲಿ ಬಣ್ಣ ಚೌಕದಿಂದ ಚೌಕಕ್ಕೆ ಹರಡುತ್ತದೆ. ಆ ಊರಿನ ಮುಂದಿದ್ದ ಜೌಗು ಮುಕ್ಕಾಲು ಹಾಳಾಗಿತ್ತು. ಅದನ್ನು ಮತ್ತೆ ಬೆಳೆಸಿದರೆ ಊರಿಗೆ ಬರುವ ನೀರು ಎಷ್ಟು ತಗ್ಗುತ್ತದೆ ಎಂಬುದಕ್ಕೆ ನಾನು ಉತ್ತರ ಕೊಡಬೇಕಿತ್ತು.

ಹಿಂದೊಮ್ಮೆ ನೆರೆ ಬಂದಾಗ ಅಲ್ಲಿನ ಜನ ನೀರು ನಿಂತ ಎತ್ತರಕ್ಕೆ ಗೋಡೆಗಳ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದಿದ್ದರು. ಶಾಲೆಯ ಒಬ್ಬ ಟೀಚರು ಆ ಗೆರೆಗಳ ಫೋಟೋಗಳನ್ನು ನನಗೆ ಕಳಿಸಿದ್ದರು. ನನ್ನ ಕಂಪ್ಯೂಟರಿನ ನೆರೆ ಆ ಗೆರೆಗಿಂತ ಸುಮಾರು ಒಂದು ಗೇಣು ಕೆಳಗೇ ನಿಲ್ಲುತ್ತಿತ್ತು. ಜೌಗಿನ ಒರಟುತನವನ್ನು ಇಳಿಸಿದರೆ ಗೆರೆ ಸರಿಹೋಗುತ್ತಿತ್ತು, ಆದರೆ ಆಗ ತಿಂಗಳು ತಿಂಗಳು ಬರುವ ಸಾಮಾನ್ಯ ಉಬ್ಬರಕ್ಕೂ ಊರೊಳಗೆ ನೀರು ಬಂದುಬಿಡುತ್ತಿತ್ತು. ನಿಜದಲ್ಲಿ ಹಾಗೆ ಬರುವುದಿಲ್ಲ. ಸಂಸ್ಥೆಯಲ್ಲಿ ನನ್ನ ಮೇಲಿನವರು ಫೋನಿನಲ್ಲಿ, ದೊಡ್ಡ ನೆರೆಗೆ ಒಂದು ಅಂಕಿ, ಚಿಕ್ಕದಕ್ಕೆ ಒಂದು ಅಂಕಿ ಹಾಕಿ ಮುಗಿಸು, ಎಲ್ಲರೂ ಮಾಡುವುದು ಅದನ್ನೇ ಎಂದರು. ಹಾಕಬಹುದಿತ್ತು. ಆದರೆ ಅದೇ ಜೌಗು, ಅದೇ ಜೊಂಡು. ಎರಡು ಅಂಕಿ ಯಾಕೆ ಬೇಕು ಎಂಬುದು ನನ್ನ ತಲೆಯಿಂದ ಹೋಗಲಿಲ್ಲ. ಯೋಚಿಸಿದರೆ, ಜೊಂಡಿನ ನಡುವೆ ನೀರು ಹೋಗುವುದನ್ನು ನಾನು ಒಂದು ದಿನವೂ ಸರಿಯಾಗಿ ನಿಂತು ನೋಡಿರಲಿಲ್ಲ.

ನೋಡಬೇಕೆಂದರೆ ದೂರ ಹೋಗಬೇಕಿರಲಿಲ್ಲ. ಆತಗೂರಿನ ಹತ್ತಿರದ ನಮ್ಮೂರಲ್ಲಿ ಕೆರೆಯ ಕೋಡಿಯ ಕೆಳಗೆ, ಹೆಚ್ಚಾದ ನೀರು ಹರಿದುಹೋಗುವ ಹಳ್ಳದ ತುಂಬ ಆಪು ಬೆಳೆದಿದೆ. ಜೊಂಡಿನ ಜಾತಿಯದೇ, ಆಳೆತ್ತರ ಬರುತ್ತದೆ. ನಮ್ಮಪ್ಪ ಆ ಕೆರೆಯ ನೀರುಗಂಟಿ. ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಡೆಸುವ ಕೆಲಸ ನಮ್ಮ ಮನೆಯಲ್ಲಿ ತಾತನ ಕಾಲದಿಂದ ಇತ್ತು. ಈಗ ಗದ್ದೆಯವರೆಲ್ಲ ಪಂಪು ಹಾಕಿಕೊಂಡಿದ್ದಾರೆ, ಕೆಲಸ ಹೆಸರಿಗಷ್ಟೇ ಉಳಿದಿದೆ. ಅಪ್ಪ ಮಾತ್ರ ಬೆಳಿಗ್ಗೆ ಎದ್ದು ಏರಿಯ ಮೇಲೆ ಒಂದು ಸುತ್ತು ಹೋಗಿ ಬರುವುದನ್ನು ಬಿಟ್ಟಿಲ್ಲ.

ಆ ವರ್ಷ ಹಿಂಗಾರು ಚೆನ್ನಾಗಿ ಬಂದು ಕೆರೆ ಕೋಡಿ ಬಿದ್ದಿತ್ತು. ಒಂದು ಶನಿವಾರ ಬೆಳಿಗ್ಗೆ ಟೇಪು, ಅಳತೆ ಕೋಲು, ಒಂದು ಚೀಲ ನಿಂಬೆಹಣ್ಣು ಹಿಡಿದು ಊರಿಗೆ ಹೋದೆ. ಅಳೆದ ದೂರದಲ್ಲಿ ಎರಡು ಕೋಲು ನೆಟ್ಟು, ತೇಲುವ ಹಣ್ಣೊಂದನ್ನು ಮೇಲಿನ ಕೋಲಿನ ಹತ್ತಿರ ಬಿಟ್ಟು, ಕೆಳಗಿನ ಕೋಲು ಮುಟ್ಟಲು ಎಷ್ಟು ಸೆಕೆಂಡು ಎಂದು ಎಣಿಸುವುದು ನಾವು ಕಲಿತ ವಿಧಾನ. ಬಿಟ್ಟ ನಿಂಬೆಹಣ್ಣುಗಳಲ್ಲಿ ಅರ್ಧ ಮುಳುಗಿದವು. ಅವ್ವನ ಹಿತ್ತಲಿನ ಬದನೆಕಾಯಿ ತಂದು ಬಿಟ್ಟೆ. ಅವು ತೇಲಿದವು, ಎರಡು ಮಾರು ಹೋಗುವುದರೊಳಗೆ ಆಪಿನ ಬುಡಕ್ಕೆ ಸಿಕ್ಕಿಕೊಂಡವು. ಮಂಡಿಯುದ್ದ ನೀರಿನಲ್ಲಿ ಅವುಗಳನ್ನು ಆರಿಸುತ್ತಾ ನಾನು ಓಡಾಡುವುದನ್ನು ಅಪ್ಪ ದಡದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಮನೆಗೆ ಹೋಗಿ ಒಂದು ಮೊರದಲ್ಲಿ ಭತ್ತದ ಹೊಟ್ಟು ತಂದರು.

ಒಂದು ಹಿಡಿ ಎರಚಿದರು. ಹೊಟ್ಟು ಆಪಿನ ಸಂದುಗಳಲ್ಲಿ ಚದುರಿ, ತಿರುಗಿ, ನಿಧಾನವಾಗಿ ಕೆಳಗಿನ ಕೋಲಿನ ಹತ್ತಿರ ಬಂತು. ಹೊಸ ಕಾಲುವೆಯಲ್ಲಿ ನೀರು ಎತ್ತ ಎಳೆಯುತ್ತಿದೆ ಎಂದು ನೋಡಲು ತಾವು ಮೊದಲಿಂದ ಮಾಡುತ್ತಿದ್ದದ್ದು ಹೀಗೇ ಎಂದರು. ಮಧ್ಯಾಹ್ನದವರೆಗೂ ಅವರು ಎರಚಿದರು, ನಾನು ಎಣಿಸಿ ಬರೆದುಕೊಂಡೆ. ಲೆಕ್ಕ ಮಾಡಿದಾಗ ಒರಟುತನ, ಜೌಗಿಗೆ ನಾವು ಬಳಸುವ ಅಂಕಿಗಳ ಪಟ್ಟಿಯಲ್ಲಿ ಅತಿ ಹೆಚ್ಚಿನದಕ್ಕೆ ಹತ್ತಿರವೇ ಬಂತು. ಸಾಮಾನ್ಯ ಉಬ್ಬರಕ್ಕೆ ಸರಿಹೊಂದುವ ಅಂಕಿ ಅದು. ದೊಡ್ಡ ನೆರೆಯ ಗೆರೆ ಯಾಕೆ ಸಿಗುವುದಿಲ್ಲ ಎಂಬುದು ಇನ್ನೂ ಹಾಗೇ ಉಳಿಯಿತು.

ಊಟಕ್ಕೆ ಕೂತಾಗ ಅಪ್ಪನಿಗೆ ಅದನ್ನು ವಿವರಿಸಿದೆ. ನಡುಮನೆಯ ಬುದ್ಧನ ಪಟದ ಕೆಳಗೆ ಲ್ಯಾಪ್‌ಟಾಪ್ ಇಟ್ಟು ನೀಲಿ ಬಣ್ಣ ಹರಡುವುದನ್ನು ತೋರಿಸಿದೆ. ಅವರು ಊಟದ ಕೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡೇ ಬಗ್ಗಿ ನೋಡಿದರು.

“ಇದ್ರಾಗೆ ಆಪು ನಿಂತ್ಕಂಡೇ ಇರ್ತದಾ?” ಎಂದು ಕೇಳಿದರು.

ಅಂದರೆ ಏನು ಎಂದು ಕೇಳಿದೆ.

“ನೀರು ರಬಸ್ವಾಗಿ ಬಂದ್ರೆ ನಿಂತ್ಕಳಕಿಲ್ಲ ಕಣವ್ವ, ಮಲಿಕಂಬುಡ್ತದೆ. ಆಮ್ಯಾಕೆ ನೀರು ಅದ್ರ ಮ್ಯಾಲೇ ಓಯ್ತದೆ.”

ಅದನ್ನು ನಾನು ಎಲ್ಲೋ ಓದಿದ್ದೆನೆಂದು ಆಮೇಲೆ ನೆನಪಾಯಿತು. ಆದರೆ ಓದಿದ್ದು ನನ್ನ ಚೌಕಗಳೊಳಗೆ ಬಂದಿರಲಿಲ್ಲ. ಎಷ್ಟು ನೀರಿಗೆ ಮಲಗುತ್ತದೆ, ಮಲಗಿದಾಗ ನೀರು ಎಷ್ಟು ಬೇಗ ಹರಿಯುತ್ತದೆ ಎಂದು ಕೇಳಿದೆ. ಅದನ್ನು ನೋಡೇ ಹೇಳಬೇಕು, ಮಳೆ ಬಂದಾಗ ಫೋನು ಮಾಡುತ್ತೇನೆ ಎಂದರು.

ಹನ್ನೊಂದು ದಿನದ ಮೇಲೆ ಫೋನು ಬಂತು. ಮೇಲಿನ ಕೆರೆಗಳೂ ತುಂಬಿ ಕೋಡಿ ಜೋರಾಗಿದೆ, ಆಪು ಮಲಗಿದೆ, ಈಗಲೇ ಹೊರಡು ಎಂದರು. ಮದ್ದೂರಿನಲ್ಲಿ ಬಸ್ಸು ಇಳಿದು ಆತಗೂರಿನ ಬಸ್ಸಿಗೆ ಕಾಯಲಾರದೆ ಆಟೋ ಹಿಡಿದೆ.

ಏರಿ ಹತ್ತಿ ನೋಡಿದಾಗ ಹಳ್ಳದಲ್ಲಿ ಆಪೇ ಇಲ್ಲವೆಂದುಕೊಂಡೆ. ಹತ್ತಿರ ಹೋದರೆ ಎಲ್ಲ ಇತ್ತು. ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ಒಂದೇ ಕಡೆಗೆ ಮಲಗಿತ್ತು, ಅದರ ಮೇಲೆ ಕೆಂಪು ನೀರು ಸದ್ದಿಲ್ಲದೆ ಜಾರುತ್ತಿತ್ತು. ಒಳಗೆ ಇಳಿಯುವ ಹಾಗಿರಲಿಲ್ಲ. ಅಪ್ಪ ಮೇಲಿನ ಕೋಲಿನ ಹತ್ತಿರ ದಡದಿಂದಲೇ ಹೊಟ್ಟು ಎರಚಿ, ಅದರ ಜೊತೆಜೊತೆಗೇ ದಡದ ಮೇಲೆ ನಡೆದು ಬಂದರು. ಅವರ ಸಾಧಾರಣ ನಡಿಗೆಗೆ ಹೊಟ್ಟು ಸಮವಾಗಿ ಬಂತು. ಹಿಂದಿನ ಸಲ ಅಷ್ಟೇ ದೂರಕ್ಕೆ ನಾವು ಒಂದೊಂದು ಹಿಡಿಗೂ ಕಾದು ಕಾದು ಸುಸ್ತಾಗಿದ್ದೆವು. ಮೂರು ಸಲ, ನಾಲ್ಕು ಸಲ ಮಾಡಿದೆವು. ನನಗೆ ಆಗಿದ್ದ ಖುಷಿಗೆ ಬರೆದುಕೊಳ್ಳುವುದೇ ಮರೆತು ಒಂದು ಸಲದ್ದು ಹೋಯಿತು.

ವಾಪಸು ಬರುವಾಗ ಅಪ್ಪ ಇನ್ನೊಂದು ಕೇಳಿದರು. ಸಮುದ್ರದ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದಲ್ಲ, ಹೋಗುವಾಗ ಎಷ್ಟು ಹೊತ್ತು ಹಿಡಿಯುತ್ತದೆ ಎಂದು. ಉಬ್ಬರ ಇಳಿದಾಗ ಹೋಗುತ್ತದೆ ಎಂದೆ.

“ಅಂಗಲ್ಲ. ನೀರು ಇಳಿಯೋವಾಗ ರಬಸ ಇರಕಿಲ್ಲ. ಆಪು ಎದ್ದು ನಿಂತ್ಕಳ್ತದೆ. ಬರೋವಾಗ ಬುಟ್ಟಿದ್ದು ಓಗೋವಾಗ ಹಿಡ್ಕತದೆ. ಗದ್ದೇಲಿ ಎಷ್ಟು ದಿನ ನಿಲ್ತದೆ ಅಂತ ನಿನ್ನ ಕಂಪೂಟ್ರು ಯೋಳ್ತದಾ?”

ಹೇಳುತ್ತಿತ್ತು. ನಾನು ಕೇಳಿರಲಿಲ್ಲ. ನೀರು ಏರಿದ ಎತ್ತರ ಸಿಕ್ಕ ಕೂಡಲೇ ಲೆಕ್ಕ ನಿಲ್ಲಿಸಿಬಿಡುತ್ತಿದ್ದೆ, ಯಾಕೆಂದರೆ ನನ್ನ ಹತ್ತಿರ ಇದ್ದದ್ದು ಗೋಡೆಯ ಗೆರೆಗಳು ಮಾತ್ರ. ಮಂಡ್ಯಕ್ಕೆ ಬಂದ ಮಾರನೇ ದಿನ ಕರಾವಳಿಯ ಆ ಟೀಚರಿಗೆ ಫೋನು ಮಾಡಿ, ನೆರೆಯ ನೀರು ಗದ್ದೆಯಲ್ಲಿ ಎಷ್ಟು ದಿನ ನಿಂತಿತ್ತು ಎಂದು ಕೇಳಿದೆ. ಅವರು, ಮನೆಯೊಳಗೆ ಬಂದ ನೀರು ಮಾರನೇ ದಿನಕ್ಕೇ ಹೋಯಿತು, ಅದನ್ನು ತೊಳೆದುಕೊಂಡೆವು, ಗದ್ದೆಯಲ್ಲಿ ನಾಲ್ಕನೇ ದಿನವೂ ಉಪ್ಪುನೀರಿತ್ತು, ಪೈರು ಸತ್ತಿದ್ದು ಅದರಿಂದ ಎಂದರು. ಜೌಗಿನ ನಡುವೆ ಮುಂಚೆ ಒಂದು ಅಗಲವಾದ ತೋಡು ಇತ್ತಂತೆ, ಅಂದರೆ ನೀರು ಬಸಿದು ಹೋಗುವ ಕಾಲುವೆ. ಅದು ಮುಚ್ಚಿಹೋಗಿ ಬಹಳ ಕಾಲವಾಗಿತ್ತು.

ಮುಂದಿನ ಎರಡು ತಿಂಗಳು ನಾನು ಲೆಕ್ಕವನ್ನು ಬದಲಿಸಿದೆ. ನೀರಿನ ಆಳ ಮತ್ತು ವೇಗ ಹೆಚ್ಚಿದ ಹಾಗೆ ಜೊಂಡಿನ ಚೌಕಗಳ ಒರಟುತನ ತಾನೇ ಇಳಿಯುವಂತೆ, ನೀರು ನಿಧಾನವಾದಾಗ ಮತ್ತೆ ಏರುವಂತೆ ಬರೆದೆ. ನಮ್ಮ ಹಳ್ಳದ ಆಪೇ ಬೇರೆ, ಉಪ್ಪುನೀರಿನ ಅಲ್ಲಿಯ ಜೊಂಡೇ ಬೇರೆ, ಹಾಗಾಗಿ ಅಂಕಿಗಳನ್ನು ಅಲ್ಲಿಗೂ ಹೋಗಿ ಅಳೆದುಕೊಂಡು ಬಂದೆ. ಮೊದಲ ಸಲ ಓಡಿಸಿದಾಗ ನೆರೆ ಗೋಡೆಯ ಗೆರೆಗೆ ಎರಡು ಬೆರಳಿನಷ್ಟು ಹತ್ತಿರ ಬಂದು ನಿಂತಿತು. ಸಾಮಾನ್ಯ ಉಬ್ಬರದಲ್ಲಿ ಊರು ಒಣಗಿಯೇ ಇತ್ತು. ಕುರ್ಚಿಯಿಂದ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಮತ್ತೊಮ್ಮೆ ನೋಡಿದೆ.

ಸಿಕ್ಕಿದ ಉತ್ತರ ನಾನು ಬಯಸಿದ್ದಲ್ಲ. ಜೊಂಡಿನ ಜೌಗನ್ನಷ್ಟೇ ಬೆಳೆಸಿದರೆ ಚಿಕ್ಕ ನೆರೆಗಳಿಗೆ ಬಹಳ ಸಹಾಯ, ದೊಡ್ಡದಕ್ಕೆ ನಾನು ಮೊದಲ ಕರಡು ವರದಿಯಲ್ಲಿ ಬರೆದಿದ್ದರ ಅರ್ಧವೂ ಇರಲಿಲ್ಲ. ಹಳೆಯ ವರದಿಯನ್ನು ತೆಗೆದುಹಾಕಿ ಹೊಸದು ಬರೆದೆ. ಉಪ್ಪುನೀರಲ್ಲೇ ಬೆಳೆದು ಮಲಗದೆ ನಿಲ್ಲುವ ಕಾಂಡ್ಲಾ ಮರಗಳು ಕಡಲಿನ ಕಡೆ, ಜೊಂಡು ಊರಿನ ಕಡೆ, ನಡುವೆ ಆ ಹಳೆಯ ತೋಡನ್ನು ಮತ್ತೆ ತೆಗೆಯಬೇಕು ಎಂದು. ಮೇಲಿನವರು ತಡವಾಯಿತೆಂದು ಬೇಸರಪಟ್ಟರು, ಆದರೂ ವರದಿಯನ್ನು ಮುಂದಕ್ಕೆ ಕಳಿಸಿದರು. ಕಾಂಡ್ಲಾ ಸಸಿಗಳು ಒಂದು ಸಾಲು ನೆಟ್ಟಿದ್ದಾಗಿದೆ. ತೋಡನ್ನು ಯಾರು ತೆಗೆಯಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಟೀಚರು ಆಗಾಗ ಸಸಿಗಳ ಫೋಟೋ ಕಳಿಸುತ್ತಾರೆ.

ಈ ಸಲದ ಮಳೆಗೆ ನಮ್ಮೂರ ಕೋಡಿ ಮತ್ತೆ ಜೋರಾಗಿ ಬಿತ್ತು. ನೀರು ಇಳಿದ ಮೇಲೆ ಅಪ್ಪ ದಿನಾ ಬೆಳಿಗ್ಗೆ ಫೋನು ಮಾಡಲು ಶುರು ಮಾಡಿದರು. ಆಪು ಎರಡನೇ ದಿನ ಅರ್ಧ ಎದ್ದಿದೆ, ನಾಲ್ಕನೇ ದಿನ ಮುಕ್ಕಾಲು. ಐದನೇ ದಿನ, ಹಳ್ಳದ ನಡುವೆ ಒಂದು ಪಟ್ಟಿ ಏಳಲೇ ಇಲ್ಲ, ಬುಡದಲ್ಲೇ ಮುರಿದಿದೆ, ಅದನ್ನು ಎಲ್ಲಿ ಬರೆದುಕೊಳ್ಳುತ್ತೀಯ ಎಂದು ಕೇಳಿದರು. ಎದ್ದೇಳದ ಆಪಿಗೆ ನನ್ನ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಆ ಪಟ್ಟಿ ಎಷ್ಟು ಅಗಲವಿದೆ, ಅಳೆದು ಹೇಳಿ ಎಂದೆ. ಆಗಲೇ ಅಳೆದಿದ್ದರು.