ಹನ್ನೆರಡನೆಯ ಕೂಗು

ಸಂಜೀವನಿಗೆ ಮದ್ರಾಸಿನಲ್ಲಿ ಎರಡು ಖ್ಯಾತಿಗಳಿದ್ದವು. ಸೆಂಟ್ರಲ್ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಅವನ ಕೈ ದಾಟಿದ ಪೆಟ್ಟಿಗೆ ಒಂದೂ ಕಳೆದುಹೋಗಿಲ್ಲ ಎಂಬುದು ಮೊದಲನೆಯದು. ಹೊಟ್ಟೆ ಬಂದ ಗುಮಾಸ್ತರನ್ನು ಸೈಕಲ್ ಹತ್ತಿಸಿ ನೀಲಗಿರಿ ಬೆಟ್ಟ ಇಳಿಸುವ ಹುಚ್ಚ ಎಂಬುದು ಎರಡನೆಯದು. ಊರಿಗೆ ಚೆನ್ನೈ ಅಂತ ಹೆಸರಾಗಿ ವರ್ಷಗಳು ಕಳೆದರೂ ಅವನ ಬಾಯಲ್ಲಿ ಅದು ಮದ್ರಾಸೇ. ಬೋರ್ಡು ಬದಲಾದರೆ ನಾಲಿಗೆಯೂ ಬದಲಾಗಬೇಕೇನು ಎಂದು ಕೇಳುತ್ತಿದ್ದ. ಅವನ ನಾಲಿಗೆಯ ಹಟ ಅಂಥದು. ಮುಂದೆ ಅದೇ ಅವನನ್ನು ತಿಂದಿತು.

ಆಗ ಡಿಸೆಂಬರ್ ತಿಂಗಳಲ್ಲಿ ಒಂದು ಸೈಕಲ್ ಕಂಪನಿಯವರು ಬೆಟ್ಟದ ಮೇಲೆ ರೇಸು ನಡೆಸುತ್ತಿದ್ದರು. ಹೊರದೇಶದ ವೃತ್ತಿಪರ ಸವಾರರು ಬಂದು ಮಸಿನಗುಡಿಯಿಂದ ಊಟಿಗೆ ಆ ಕಡಿದಾದ ಘಾಟಿಯನ್ನು ಏರುತ್ತಿದ್ದರು. ಸಂಬಳ ತೆಗೆದುಕೊಂಡು ಸೈಕಲ್ ತುಳಿಯುವ ಜನ ಎಂದು ಸಂಜೀವ ವಿವರಿಸಿದಾಗ ಅವನ ತಾಯಿ ರಮಾಬಾಯಿ ಬತ್ತಿ ಹೊಸೆಯುತ್ತಲೇ, “ನಮ್ಮ ಬೀದಿ ಪೋಸ್ಟ್‌ಮ್ಯಾನೂ ಅದನ್ನೇ ಮಾಡ್ತಾನಲ್ಲೋ, ಅವನ್ನ ನೋಡಕ್ಕೆ ಯಾಕೆ ಬೆಟ್ಟಕ್ಕೆ ಹೋಗ್ಬೇಕು?” ಎಂದಿದ್ದರು. ಅವನು ಹೋದ. ೧೯೯೭ರಲ್ಲಿ ಮೊದಲ ಸಲ, ಪಕ್ಕದ ಮೇಜಿನ ಗಿರಿಧರನ ಜೊತೆ. ಮರುವರ್ಷ ಆರು ಮಂದಿಯಾದರು. ಆಮೇಲೆ ಹನ್ನೆರಡು. ವಡಪಳನಿ, ಮಾಂಬಲಂ ಕಡೆಯ ಕನ್ನಡದ ಮನೆಗಳವರೇ ಹೆಚ್ಚು. ಬ್ಯಾಂಕು, ಇನ್ಶೂರೆನ್ಸು, ರೈಲ್ವೆ. ನೀಲಗಿರಿ ಎಕ್ಸ್‌ಪ್ರೆಸ್ಸಿನ ಲಗೇಜ್ ಬೋಗಿಗೆ ಸೈಕಲ್ಲುಗಳನ್ನು ಹಾಕಿ, ಪ್ರತಿಯೊಂದರ ಹ್ಯಾಂಡಲ್ಲಿಗೆ ಪಾರ್ಸಲ್ ಚೀಟಿ ಕಟ್ಟಿ, ಜನರನ್ನೂ ಪೆಟ್ಟಿಗೆಗಳ ಹಾಗೆಯೇ ಎಣಿಸಿ ಕರೆದೊಯ್ಯುವುದು ಅವನ ಪದ್ಧತಿ.

ಎಣಿಕೆಗೆ ಒಂದು ನಿಯಮವಿತ್ತು. ಊಟಿಯಿಂದ ಬೆಳಗ್ಗೆ ಘಾಟಿ ಇಳಿಯುವಾಗ ಮಂಜು ಎದುರಿಗಿದ್ದವನ ಮೂಗನ್ನೂ ಮುಚ್ಚುವಷ್ಟು ದಟ್ಟ. ಹಾಗಾಗಿ ಪ್ರತಿ ತಿರುವಿನಲ್ಲೂ ಮುಂದಾಳು, ಅಂದರೆ ಸಂಜೀವ, ನಿಂತು “ಒಂದು” ಎಂದು ಕೂಗಬೇಕು. ಹಿಂದಿನವರು ದೂರದೂರದಲ್ಲಿ ಇದ್ದಲ್ಲೇ ನಿಂತು ತಮ್ಮ ನಂಬರು ಕೂಗಬೇಕು. ಯಾವ ನಂಬರು ಬರಲಿಲ್ಲವೋ ಅಲ್ಲಿಗೆ ಎಲ್ಲರೂ ನಿಲ್ಲಬೇಕು, ಮುಂದಾಳು ವಾಪಸು ಹತ್ತಬೇಕು. ಒಬ್ಬ ತಮಿಳಿನಲ್ಲಿ ಕೂಗುವನು, ಒಬ್ಬ ಇಂಗ್ಲಿಷಿನಲ್ಲಿ. ಕೊನೆಯವನು ಗಿರಿಧರ. ಅವನದು ಮೂಗಿನಿಂದ ಎಳೆದು ಬರುವ ಅಪ್ಪಟ ಕನ್ನಡದ “ಹನ್ನೆರಡೂ...”.

ಆ ಕೂಗು ಪಾರ್ಸಲ್ ಆಫೀಸಿನಲ್ಲೂ ಪ್ರಸಿದ್ಧ. ಬೆಳಗಿನ ಹಾಜರಿಯಲ್ಲಿ ಸೂಪರಿಂಟೆಂಡೆಂಟರು ತಲೆ ಎತ್ತದೆ ನಂಬರು ಕರೆಯುತ್ತಿದ್ದರು. ಅಲ್ಲಿಯೂ ಗಿರಿಧರನದು ಹನ್ನೆರಡೇ. ಅವನು ರಾಯಪುರಂನಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುವಷ್ಟರಲ್ಲಿ ಹಾಜರಿ ಮುಗಿದಿರುತ್ತಿತ್ತು. ಆಗ ಸಂಜೀವ ಮೂಗು ಬಿಗಿಹಿಡಿದು ಗೆಳೆಯನ ಗಂಟಲಲ್ಲಿ “ಹನ್ನೆರಡೂ...” ಎನ್ನುತ್ತಿದ್ದ. ಹಮಾಲಿ ಕಾಂತಪ್ಪ ಮೂಟೆಯ ಹಿಂದೆ ಮುಖ ಹುದುಗಿಸಿಕೊಂಡು ನಗುತ್ತಿದ್ದ. ಹೀಗೆ ಹನ್ನೊಂದು ವರ್ಷ ನಡೆಯಿತು. ಕೊನೆಕೊನೆಗೆ ಸಂಜೀವನಿಗೆ ಮೂಗು ಹಿಡಿಯುವ ಅಗತ್ಯವೂ ಇರಲಿಲ್ಲ. ಹನ್ನೊಂದನೆಯವನ ಉತ್ತರ ಮುಗಿಯುತ್ತಿದ್ದಂತೆ ಮಾತು ತಾನಾಗಿ ಬಾಯಿಂದ ಉದುರುತ್ತಿತ್ತು.

೨೦೦೧ರಲ್ಲಿ ರೇಸು ನೋಡಲು ಅವರು ಘಾಟಿಯ ಕೆಳಭಾಗದ ಒಂದು ತಿರುವಿನಲ್ಲಿ ನಿಂತರು. ಗಿರಿಧರ ಆಫೀಸಿನಿಂದ ತಂದ ಸೀಮೆಸುಣ್ಣದಲ್ಲಿ ಟಾರು ರಸ್ತೆಯ ಮೇಲೆ ಹೊರದೇಶದ ಸವಾರರ ಹೆಸರುಗಳನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆದ. “ಅವರಿಗೆ ಓದಕ್ಕೆ ಬರಲ್ವೋ ಮಾರಾಯ” ಎಂದು ಸಂಜೀವ ಅಂದರೆ, “ಬರದಿದ್ರೆ ಕಲೀಲಿ” ಎಂದ. ಸವಾರರು ಬಂದರು. ಉಸಿರಿನ ಸದ್ದು ಮೊದಲು, ಆಮೇಲೆ ಮಂಜಿನಿಂದ ಮೊಣಕಾಲುಗಳು, ಆಮೇಲೆ ಮುಖಗಳು. ಅರ್ಧ ನಿಮಿಷದಲ್ಲಿ ಎಲ್ಲ ಮುಗಿಯಿತು. ಅಷ್ಟಕ್ಕಾಗಿ ಅಷ್ಟು ದೂರ ಬಂದವರು ಮಕ್ಕಳ ಹಾಗೆ ಕುಣಿದರು. ಆಮೇಲೆ ಇಳಿಯತೊಡಗಿದರು.

ಅಲ್ಲಿಂದ ಕೆಳಗೆ ಮುಟ್ಟುವವರೆಗೆ ಐದು ತಿರುವು. ಐದರಲ್ಲೂ ಸಂಜೀವ ಕೂಗಿದ. ಐದು ಸಲವೂ ಎಣಿಕೆ ಹನ್ನೆರಡಕ್ಕೆ ಮುಟ್ಟಿತು. ಮಸಿನಗುಡಿಯ ಟೀ ಅಂಗಡಿಗೆ ಬಂದವರು ಮಾತ್ರ ಹನ್ನೊಂದು ಮಂದಿ. ಪಂಕ್ಚರ್ ಆಗಿರಬೇಕು ಎಂದು ಅರ್ಧ ಗಂಟೆ ಕಾದರು. ಕೊನೆಗೆ ಜೀಪು ಹತ್ತಿಸಿ ಹುಡುಕಿದರೆ, ಗಿರಿಧರ ಮೊದಲನೆಯ ತಿರುವಿಗೂ ಮುಂಚೆಯೇ ಒಂದು ಮೋರಿಯ ಕೆಳಗೆ ಬಿದ್ದಿದ್ದ. ಕೈಯಲ್ಲಿ ಸೀಮೆಸುಣ್ಣವಿತ್ತು. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

ಹಾಗಾದರೆ ಐದು ತಿರುವಿನಲ್ಲಿ ಹನ್ನೆರಡು ಎಂದವರು ಯಾರು? ಪೊಲೀಸರು ಕೇಳಿದರು. ನಾಲ್ಕೈದು ಮಂದಿ ಕೂಗು ಕೇಳಿದ್ದು ನಿಜವೆಂದರು. ಹನ್ನೊಂದನೆಯ ನಂಬರಿನ ಸುರೇಶ್, ಇನ್ಶೂರೆನ್ಸಿನವನು, ಬೆವರೊರೆಸಿಕೊಳ್ಳುತ್ತ ಒಂದು ಮಾತು ಸೇರಿಸಿದ: “ಗಿರಿ ಸಾರ್ ನನಗಿಂತ ಮೇಲಿರಬೇಕಿತ್ತು. ಆದ್ರೆ ಧ್ವನಿ ಕೆಳಗಡೆಯಿಂದ ಬಂತು ಸಾರ್.” ಜಾರಿ ಬಿದ್ದ ಸಾವು ಎಂದು ಬರೆದುಕೊಂಡು ಪೊಲೀಸರು ಕಡತ ಮುಚ್ಚಿದರು.

ಸಂಜೀವ ಮುಚ್ಚಲಿಲ್ಲ. ಮರುವರ್ಷವೂ ಹೋದ, ಅದರ ಮರುವರ್ಷವೂ ಹೋದ. ಹನ್ನೊಂದು ಮಂದಿಗಿಂತ ಹೆಚ್ಚು ಸೇರಿಸುತ್ತಿರಲಿಲ್ಲ. ಆ ಮೊದಲ ತಿರುವಿಗೆ ಬಂದು ನಿಂತು “ಒಂದು” ಎಂದರೆ ಮೇಲಿನ ಮಂಜಿನಿಂದ ಎರಡು, ಮೂರು, ನಾಲ್ಕು ಇಳಿದು ಬರುತ್ತಿದ್ದವು. ಹನ್ನೊಂದಕ್ಕೆ ಸುರೇಶನ ತಮಿಳಿನ “ಪದಿನೊನ್ನು” ಆಗುತ್ತಿತ್ತು. ಅದರ ಬೆನ್ನಿಗೇ, ತೀರ ಹತ್ತಿರದಿಂದ, ಮೂಗಿನ ಎಳೆತದ “ಹನ್ನೆರಡೂ...”.

ಹೆದರಿಕೆಯಾಗುತ್ತಿತ್ತೇ? ಆಗುತ್ತಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ನೆಮ್ಮದಿಯಾಗುತ್ತಿತ್ತು, ಅದನ್ನು ಹೇಳಿಬಿಡುವುದೇ ಸರಿ. ಗಿರಿ ಈಗಲೂ ಕೂಗುತ್ತಾನೆ ಅಂದಮೇಲೆ ಅಂದೂ ಅವನೇ ಕೂಗಿದ್ದು. ಸತ್ತವನು ಕೂಗಿದ್ದಕ್ಕೆ ಬದುಕಿದವನೇನು ಮಾಡಲಾದೀತು? ಎಣಿಸಿದವನ ತಪ್ಪಿಲ್ಲ. ಸಂಜೀವ ಈ ಒಂದು ಹಗ್ಗ ಹಿಡಿದುಕೊಂಡೇ ಐದು ವರ್ಷ ನಿದ್ದೆ ಮಾಡಿದ್ದ.

ಪ್ರತಿ ಸಲವೂ ಊಟಿಯಿಂದ ವರ್ಕಿ ಬಿಸ್ಕತ್ತಿನ ಪೊಟ್ಟಣ ತಂದು ರಾಯಪುರಂಗೆ ಹೋಗಿ ಗಿರಿಧರನ ಹೆಂಡತಿ ಕಲಾವತಿಯ ಕೈಗಿಡುತ್ತಿದ್ದ. “ಈ ಸಲಾನೂ ಕೇಳಿಸ್ತಮ್ಮ” ಎನ್ನುತ್ತಿದ್ದ. ಮೊದಲ ವರ್ಷ ಅವಳು ಅತ್ತಳು. ಆಮೇಲಾಮೇಲೆ ಸುಮ್ಮನೆ ಕೇಳಿಸಿಕೊಂಡಳು. ಗಂಡನ ಬದಲಿಗೆ ಅವಳಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತ್ತು. ೨೦೦೬ರಲ್ಲಿ ಅದೇ ಪಾರ್ಸಲ್ ಆಫೀಸಿಗೆ ವರ್ಗವಾಗಿ ಬಂದಳು. ಆ ನವೆಂಬರಿನಲ್ಲಿ ಒಂದು ದಿನ ಸಂಜೀವನ ಮೇಜಿನ ಮುಂದೆ ನಿಂತು ಹೇಳಿದಳು: “ಸಂಜೀವಣ್ಣ, ಈ ಸಲ ನಾನೂ ಬರ್ತೀನಿ. ಸೈಕಲ್ ಬರಲ್ಲ, ವ್ಯಾನಲ್ಲಿ ಕೂತ್ಕೋತೀನಿ. ಅವರ ಕೂಗು ನಂಗೂ ಕೇಳ್ಬೇಕು.”

ಸಂಜೀವ ಪಟ್ಟಿಯ ಕೊನೆಗೆ, ವ್ಯಾನಿನ ಸಾಲಿನಲ್ಲಿ, ಅವಳ ಹೆಸರು ಬರೆದುಕೊಂಡ.

ಡಿಸೆಂಬರಿನಲ್ಲಿ ಎಂದಿನಂತೆ ಘಾಟಿಯಲ್ಲಿ ರೇಸು ಹಾದುಹೋಯಿತು. ಇಡ್ಲಿ ಪೊಟ್ಟಣ ಹೊತ್ತ ವ್ಯಾನು ಮುಂಚಿತವಾಗಿ ಇಳಿದು ಆ ಮೊದಲ ತಿರುವಿನಲ್ಲಿ ಕಲಾವತಿಯನ್ನು ಬಿಟ್ಟಿತ್ತು. ಸಂಜೀವ ಬಂದಾಗ ಅವಳು ಶಾಲು ಹೊದ್ದು ಮಂಜಿನಲ್ಲಿ ಕಲ್ಲಿನಂತೆ ನಿಂತಿದ್ದಳು. ಲಂಟಾನ ಪೊದೆಯಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಇಲ್ಲ. ಅವನು ಮೇಲಕ್ಕೆ ತಿರುಗಿ “ಒಂದು” ಎಂದ.

ಎರಡು. ಮೂರು. ಒಂದು ಧ್ವನಿ ಹತ್ತಿರ, ಇನ್ನೊಂದು ಬಟ್ಟೆಯಲ್ಲಿ ಸುತ್ತಿಟ್ಟಂತೆ ದೂರ. ಪತ್ತು. ಪದಿನೊನ್ನು.

“ಹನ್ನೆರಡೂ...”

ಸಂಜೀವನ ಕಣ್ಣು ತುಂಬಿತು. “ಕೇಳಿಸ್ತಾಮ್ಮ?” ಎಂದು ತಿರುಗಿದ. ಕಲಾವತಿ ಬೆಟ್ಟದ ಕಡೆ ನೋಡುತ್ತಲೇ ಇರಲಿಲ್ಲ. ಅವನ ಮುಖವನ್ನು ನೋಡುತ್ತಿದ್ದಳು.

“ಕೇಳಿಸ್ತು. ಅವರದೇ ಗಂಟಲು” ಎಂದಳು. “ಆದ್ರೆ ಬಂದಿದ್ದು ನಿಮ್ಮ ಬಾಯಿಂದ.”

“ಏನು ಹೇಳ್ತಿದೀಯಮ್ಮ?”

“ನಿಮ್ಮ ತುಟಿ ಅಲ್ಲಾಡ್ತು ಅಣ್ಣ. ಹಾಜರೀಲಿ ನೀವು ಅವರ ಥರಾನೇ ಕೂಗ್ತಿದ್ರಿ ಅಂತ ಕಾಂತಪ್ಪ ನಕ್ಕೊಂಡು ಹೇಳ್ದ. ಅವನಿಗೇನು ಗೊತ್ತು ಪಾಪ. ಅವತ್ತಿಂದ ನಂಗೆ ನಿದ್ದೆ ಇಲ್ಲ.”

“ಇಲ್ಲ. ನಾನಲ್ಲ. ಸುರೇಶನ್ನ ಕೇಳು, ಅವನೂ ಕೇಳಿದಾನೆ. ಕೆಳಗಿಂದ ಬಂತು ಅಂತ...” ಎಂದ ಸಂಜೀವ, ಅಲ್ಲಿಗೇ ನಿಂತ. ಕೆಳಗಿದ್ದವನು ಯಾವಾಗಲೂ ಅವನೊಬ್ಬನೇ.

“ಇನ್ನೊಂದ್ಸಲ ಎಣಿಸೋಣ. ಬಾಯಿ ಮುಚ್ಕೊಳ್ಳಿ” ಎಂದಳು ಕಲಾವತಿ. ಬೇಡುವ ದನಿಯಲ್ಲ ಅದು, ಬಯ್ಯುವ ದನಿಯೂ ಅಲ್ಲ.

ಅವನು ಎರಡೂ ಕೈಗಳನ್ನು ಬಾಯಿಗೆ ಒತ್ತಿಕೊಂಡ. ಅವಳೇ ಗಟ್ಟಿಯಾಗಿ “ಒಂದು” ಎಂದಳು. ಹೆಂಗಸಿನ ಧ್ವನಿ ಕೇಳಿ ಮೇಲೆ ಕ್ಷಣ ಗಲಿಬಿಲಿಯಾಯಿತು, ಆಮೇಲೆ ನಂಬರುಗಳು ಮೊದಲಾದವು. ಏಳು. ಎಂಟು. ಸಂಜೀವ ಎವೆಯಿಕ್ಕದೆ ಮಂಜನ್ನು ನೋಡುತ್ತ ನಿಂತ. ಬಾರೋ ಗಿರಿ, ಇದೊಂದು ಸಲ ಬಾರೋ ಎಂದು ಮನಸ್ಸಿನಲ್ಲೇ ಅಂಗಲಾಚಿದ. ಪದಿನೊನ್ನು.

ಅಂಗೈಗೆ ಬಿಸಿ ಉಸಿರು ತಗುಲಿತು. ಅವನು ಬೇಡವೆಂದರೂ ಗಂಟಲು ಎದ್ದಿತ್ತು, ನಾಲಿಗೆ ಹೊರಳಿತ್ತು. ಆ ಮಾತು ಬೆರಳುಗಳನ್ನು ತಳ್ಳಿಕೊಂಡು ಹೊರಬರಲು ಒದ್ದಾಡುತ್ತಿರುವುದು ಕೈಗೇ ತಿಳಿಯಿತು. ತನ್ನ ಬಾಯೊಳಗೆ ಇನ್ನೊಬ್ಬನಿದ್ದಾನೆ ಎನ್ನಿಸಿತು. ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದ.

ಬೆಟ್ಟದ ಮೇಲಿನಿಂದ ಏನೂ ಬರಲಿಲ್ಲ.

ಆ ಮೌನವನ್ನು ಅವನು ಐದು ವರ್ಷದ ಹಿಂದೆ ಕೇಳಬೇಕಿತ್ತು. ಕೇಳಿದ್ದರೆ ನಿಲ್ಲುತ್ತಿದ್ದ, ಹತ್ತುತ್ತಿದ್ದ, ನೂರು ಗಜ ಹತ್ತಿದ್ದರೆ ಸಾಕಿತ್ತು.

“ಬಿದ್ಮೇಲೆ ಒಂದು ಗಂಟೆ ಜೀವ ಇತ್ತು ಅಂದ್ರು ಡಾಕ್ಟರು” ಎಂದಳು ಕಲಾವತಿ. “ನಿಮಗೆ ನೋವಾಗತ್ತೆ ಅಂತ ನಾನು ಯಾರಿಗೂ ಹೇಳ್ಲಿಲ್ಲ.”

ಅಷ್ಟರಲ್ಲಿ ಮಂಜಿನೊಳಗಿನಿಂದ ಸುರೇಶ್ ಕೂಗಿದ. “ಸಾರ್, ಹನ್ನೆರಡು ಬರ್ಲಿಲ್ಲ ಈ ಸಲ! ಏನ್ಮಾಡೋಣ ಸಾರ್, ಇಳಿಯೋಣವಾ?”

ಸಂಜೀವ ಬಾಯಿಂದ ಕೈ ತೆಗೆದ. ಹೊರಬಂದದ್ದು ಅವನ ಸ್ವಂತ ಧ್ವನಿ, ಒಡೆದು ಹೋಗಿತ್ತು.

“ಇಳೀಬೇಡಿ. ಎಲ್ರೂ ನಿಲ್ಲಿ. ಒಬ್ಬ ಬಂದಿಲ್ಲ.”

ಸೈಕಲ್ಲನ್ನು ಅಲ್ಲೇ ರಸ್ತೆಯ ಮೇಲೆ ಬಿಟ್ಟು, ಮೋರಿಯ ಕಡೆಗೆ ಮೇಲಕ್ಕೆ ನಡೆಯತೊಡಗಿದ.